ಕಲ್ಕತ್ತೆಯ ರಾಯಚೌಧುರಿ ಮಾಸ್ತರು ಮತ್ತು ತಾಳೆಯಾಗದ ಲೆಕ್ಕ

ನಮ್ಮ ಸಂಘದ ಕಾರ್ಯದರ್ಶಿಗಳು ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಬರೆದುಕೊಡು ಅಂದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ವಿಶ್ವೇಶ್ವರಯ್ಯನವರ ಬಗ್ಗೆಯೋ ಗಾಂಧೀಜಿಯ ಬಗ್ಗೆಯೋ ಬರೀತಾನೆ ಅಂತ ಅವರು ಅಂದುಕೊಂಡಿದ್ದರೇನೋ. ನಾನು ಅಮಲ್ ಕುಮಾರ್ ರಾಯಚೌಧುರಿ ಅಂದ ಕೂಡಲೆ ಯಾರಪ್ಪಾ ಇವರು ಅಂತ ಮುಖ ನೋಡಿದರು. ಹೋದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ. ಆದರೆ ಲೋಕದ ಯಾವ ಮೂಲೆಯಲ್ಲೇ ಆಗಲಿ, ಐನ್‌ಸ್ಟೈನರ ಗುರುತ್ವ ಸಿದ್ಧಾಂತ ಓದುವ ವಿದ್ಯಾರ್ಥಿಗೆ ಆ ಹೆಸರು ಗೊತ್ತಿರುತ್ತದೆ. ಅವನ ಪಠ್ಯಪುಸ್ತಕದಲ್ಲಿ ರಾಯಚೌಧುರಿ ಸಮೀಕರಣ ಅಂತ ಒಂದು ಅಧ್ಯಾಯವೇ ಇರುತ್ತದೆ. ಅದನ್ನು ಬರೆದವರು ಕಲ್ಕತ್ತೆಯ ಕಾಲೇಜು ಮಾಸ್ತರು. ನಾನು ಹುಟ್ಟುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಕಾಮರ್ಸ್ ಹುಡುಗನಿಗೆ ವಿಶ್ವದ ಉಸಾಬರಿ ಯಾಕೆ ಅಂತ ಓದುಗ ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನು ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು, ಹಾಗಾಗಿ ಪಿಯುಸಿಗೆ ಸೈನ್ಸ್ ಸೇರಿದೆ. ಜಡತ್ವ, ಸಂವೇಗ, ವೇಗೋತ್ಕರ್ಷ ಅಂತ ಬಾಯಿಪಾಠ ಮಾಡಿಕೊಂಡು ಹೋದವನಿಗೆ ಅಲ್ಲಿ ಒಂದು ಪದವೂ ಪರಿಚಯದ್ದು ಸಿಗಲಿಲ್ಲ. ಮೇಷ್ಟ್ರು ಇಂಗ್ಲಿಷಿನಲ್ಲಿ ಓಡುತ್ತಿದ್ದರು, ನಾನು ಹಿಂದೆ ಕುಂಟುತ್ತಿದ್ದೆ. ಫಿಸಿಕ್ಸಿನಲ್ಲಿ ಫೇಲಾಯಿತು. ಅಪ್ಪ ಬೈಯಲಿಲ್ಲ. ಅಂಗಡಿ ಲೆಕ್ಕ ನೋಡಿಕೊಳ್ಳುವುದಕ್ಕೂ ಆಗುತ್ತದೆ, ಕಾಮರ್ಸ್ ಮಾಡು ಅಂದರು. ಆಮೇಲಿಂದ ಯಾರಾದರೂ ವಿಜ್ಞಾನದ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ.

ಈಗ ನನ್ನ ತಮ್ಮ ಹತ್ತನೆಯ ತರಗತಿ ಮುಗಿಸಿದ್ದಾನೆ. ಅವನೂ ಕನ್ನಡ ಮಾಧ್ಯಮವೇ. ಸೈನ್ಸೇ ಬೇಕು ಅಂತ ಹಟ ಹಿಡಿದಿದ್ದಾನೆ. ಬೇಸಗೆ ರಜೆಯಲ್ಲಿ ನಾನು ಅಕ್ಕನ ಮನೆಗೆಂದು ಕಲ್ಕತ್ತೆಗೆ ಹೊರಟಾಗ ಅಪ್ಪ ಸ್ಟೇಷನ್ನಿನಲ್ಲಿ ಒಂದೇ ಮಾತು ಹೇಳಿದರು. ನಿನಗಾದದ್ದು ಅವನಿಗೆ ಆಗಬಾರದು, ನೀನೇ ಅವನಿಗೆ ಬುದ್ಧಿ ಹೇಳು, ನಿನ್ನ ಮಾತಾದರೆ ಕೇಳುತ್ತಾನೆ ಅಂದರು. ಈ ಮಾತನ್ನು ಗಂಟು ಕಟ್ಟಿಕೊಂಡೇ ನಾನು ರೈಲು ಹತ್ತಿದ್ದು.

ಭಾವನವರದು ಬ್ಯಾಂಕಿನ ಕೆಲಸ. ಮನೆ ಲೇಕ್ ಮಾರ್ಕೆಟ್ಟಿನ ಹತ್ತಿರ, ದಕ್ಷಿಣದವರು ಬಹಳ ದಿವಸದಿಂದ ನೆಲೆಸಿರುವ ಕಡೆ. ಒಂದು ಸಂಜೆ ಭಾವನವರೊಡನೆ ತಿರುಗಾಡುತ್ತ ಆಶುತೋಷ್ ಕಾಲೇಜಿನ ಮುಂದೆ ಬಂದೆವು. ರಾಯಚೌಧುರಿ ಅನ್ನುವವರು ಇಲ್ಲಿ ಟೆಂಪರರಿ ಮಾಸ್ತರಾಗಿದ್ದಾಗಲೇ ತಾವಾಗಿ ಸಾಪೇಕ್ಷತಾ ಸಿದ್ಧಾಂತ ಕಲಿತರಂತೆ ಅಂತ ಭಾವ ಹೇಳಿದರು. ತಾವಾಗಿ ಕಲಿತರು ಅನ್ನುವ ಮಾತು ನನಗೆ ಅಂಟಿಕೊಂಡಿತು. ಉಳಿದ ರಜೆಯೆಲ್ಲ ಅವರ ಜೀವನ ಹುಡುಕಿ ಓದುವುದರಲ್ಲೇ ಕಳೆಯಿತು.

ಅಮಲ್ ಕುಮಾರ್ ಹುಟ್ಟಿದ್ದು 1923ರ ಸೆಪ್ಟೆಂಬರ್ 14ರಂದು, ನದಿಗಳ ಊರಾದ ಬಾರಿಸಾಲಿನಲ್ಲಿ. ಅದು ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಸುರೇಶಚಂದ್ರರು ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಕಲ್ಕತ್ತೆಯ ಶಾಲೆಯಲ್ಲಿ ಮಾಸ್ತರಾಗಿದ್ದರು. ಹುಡುಗ ಮೊದಲು ತೀರ್ಥಪತಿ ಇನ್‌ಸ್ಟಿಟ್ಯೂಷನ್ನಿನಲ್ಲಿ, ಆಮೇಲೆ ಕಾಲೇಜ್ ಸ್ಟ್ರೀಟಿನ ಹಿಂದೂ ಸ್ಕೂಲಿನಲ್ಲಿ ಓದಿದ. ಗಣಿತ ಅಂದರೆ ಪ್ರಾಣ. ಲೆಕ್ಕ ಬಿಡಿಸುವುದು ಅವನಿಗೆ ಆಟದ ಹಾಗೆ. ಆದರೆ ಕಾಲೇಜಿನಲ್ಲಿ ಯಾವ ವಿಷಯ ಅನ್ನುವ ಪ್ರಶ್ನೆ ಬಂದಾಗ ಗಣಿತ ತೆಗೆದುಕೊಳ್ಳಬೇಡ ಅಂದವರು ಸ್ವಂತ ತಂದೆಯೇ. ಅಷ್ಟು ಓದಿಯೂ ತಾವು ಶಾಲಾ ಮಾಸ್ತರಾಗಿಯೇ ಉಳಿದರು, ಮಗನ ಪಾಡು ಹಾಗಾಗಬಾರದು ಅನ್ನುವುದು ಅವರ ಲೆಕ್ಕ. ಇದನ್ನು ಓದಿದಾಗ ನನಗೆ ಸ್ಟೇಷನ್ನಿನಲ್ಲಿ ನಿಂತ ಅಪ್ಪನ ಮುಖ ಕಣ್ಣಮುಂದೆ ಬಂತು. ಮಕ್ಕಳ ಮೇಲಿನ ಪ್ರೀತಿಯೇ ಎಷ್ಟೋ ಸಲ ಬೇಡ ಅನ್ನುವ ರೂಪದಲ್ಲಿ ಬರುತ್ತದೆ.

ಮಗ ತಂದೆಯ ಮಾತು ಮೀರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ತೆಗೆದುಕೊಂಡು 1942ರಲ್ಲಿ ಬಿ.ಎಸ್ಸಿ. ಮುಗಿಸಿದ. 1944ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಆಯಿತು. ಅವು ಎಂಥ ವರ್ಷಗಳು ಅಂತ ನೆನಪಿಸಿಕೊಳ್ಳಬೇಕು. 1942ರ ಡಿಸೆಂಬರಿನಲ್ಲಿ ಜಪಾನಿನ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬು ಹಾಕಿದವು. 1943ರಲ್ಲಿ ಬಂಗಾಳದ ಮಹಾಕ್ಷಾಮ. ಹಳ್ಳಿಗಳಿಂದ ಬಂದ ಜನ ಗಂಜಿಗಾಗಿ ಬೇಡುತ್ತ ನಗರದ ಬೀದಿಗಳಲ್ಲೇ ಸತ್ತರು. ಅದೇ ಬೀದಿಗಳಲ್ಲಿ ನಡೆದು ಹೋಗಿ ಓದಿದವರು ಇವರು.

1945ರಲ್ಲಿ ಅವರು ಸಂಶೋಧನೆಗೆಂದು ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸೇರಿದರು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಆಗ ಬೌಬಜಾರ್ ಬೀದಿಯ 210ನೆಯ ನಂಬರಿನಲ್ಲಿ ಇತ್ತು. ನಮ್ಮ ಬೆಂಗಳೂರಿಗೆ ಆಮೇಲೆ ಬಂದು ನೆಲೆಸಿದ ಸಿ.ವಿ. ರಾಮನ್ ಅವರು 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದದ್ದು ಅಲ್ಲೇ. ಕಾಮರ್ಸ್ ಗೆಳೆಯರು ಒಂದು ಸಂಗತಿ ಗಮನಿಸಬೇಕು. ರಾಮನ್ ಅವರು 1907ರಲ್ಲಿ ಕಲ್ಕತ್ತೆಗೆ ಬಂದದ್ದು ಸರ್ಕಾರದ ಹಣಕಾಸು ಇಲಾಖೆಯ ಲೆಕ್ಕಾಧಿಕಾರಿಯಾಗಿ. ಬೆಳಗ್ಗೆ, ಸಂಜೆ ಪ್ರಯೋಗಶಾಲೆ. ಮಧ್ಯೆ ಸರ್ಕಾರದ ಜಮಾ ಖರ್ಚು. ಹೀಗೆ ಹತ್ತು ವರ್ಷ ನಡೆಸಿದರು. ಸಂಸ್ಥೆ ಆಮೇಲೆ ಜಾದವಪುರಕ್ಕೆ ಹೋಯಿತು. ಆ 210ನೆಯ ನಂಬರಿನಲ್ಲಿ ಈಗ ಇರುವುದು ಒಂದು ಕಾಮರ್ಸ್ ಕಾಲೇಜು! ಭಾವನವರಿಗೆ ಹೇಳಿ ಅದನ್ನು ನೋಡಲೇಬೇಕೆಂದು ಹೋದೆ. ನನ್ನ ವಯಸ್ಸಿನ ಹುಡುಗರು ಬಗಲಿಗೆ ಚೀಲ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ನಾನು ಎದುರು ಬದಿಯಲ್ಲಿ ಚಹಾ ಕುಡಿಯುತ್ತ ಸುಮ್ಮನೆ ನಿಂತಿದ್ದೆ.

ಆ ಸಂಸ್ಥೆಯಲ್ಲಿ ರಾಯಚೌಧುರಿಯವರ ನಾಲ್ಕು ವರ್ಷ ವ್ಯರ್ಥವಾಯಿತು. ಅವರಿಗೆ ಕೊಟ್ಟದ್ದು ಪ್ರಯೋಗದ ಕೆಲಸ. ಅವರ ಕೈಗೆ ಅದು ಒಗ್ಗಲಿಲ್ಲ, ಹೇಳಿಕೊಳ್ಳುವಂಥ ಫಲ ಏನೂ ಬರಲಿಲ್ಲ. ಈ ನಡುವೆ 1947ರಲ್ಲಿ ದೇಶ ಒಡೆದು ಹುಟ್ಟಿದೂರು ಬೇರೆ ದೇಶಕ್ಕೆ ಸೇರಿತು. ಇಪ್ಪತ್ತಾರರ ಹೊತ್ತಿಗೆ ಅವರ ಕೈಯಲ್ಲಿ ಇದ್ದದ್ದು ಒಂದು ಎಂ.ಎಸ್ಸಿ. ಪದವಿ ಮತ್ತು ಫೇಲಾದೆ ಅನ್ನುವ ಭಾವನೆ. ಜೀವನಚರಿತ್ರೆಗಳಲ್ಲಿ ಇಂಥ ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಅನುಭವಿಸಿದವನಿಗೆ ಅವು ದಿನ ದಿನವೂ ಉದ್ದವಾಗಿರುತ್ತವೆ ಅಂತ ನನಗೆ ಚೆನ್ನಾಗಿ ಗೊತ್ತು.

ಆಮೇಲೆ ಬಂದದ್ದು ಆಶುತೋಷ್ ಕಾಲೇಜಿನ ತಾತ್ಕಾಲಿಕ ಕೆಲಸ. ಪಾಠ ಹೇಳುವುದು, ಮನೆಗೆ ಬರುವುದು. ಉಳಿದ ಹೊತ್ತಿನಲ್ಲಿ ಅವರು ಮತ್ತೆ ಗಣಿತದ ಕಡೆ ತಿರುಗಿದರು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಗಣಿತದ ಪ್ರಾಧ್ಯಾಪಕರಾಗಿದ್ದ, ಜರ್ಮನಿಯಲ್ಲಿ ಓದಿ ಬಂದಿದ್ದ ನಿಖಿಲ್ ರಂಜನ್ ಸೇನ್ ಅವರ ಪರಿಚಯದಿಂದ ಸಾಪೇಕ್ಷತೆಯ ರುಚಿ ಹತ್ತಿತು. ಆದರೆ ಕೈಹಿಡಿದು ದಿನವೂ ನಡೆಸುವ ಗುರು ಇರಲಿಲ್ಲ. ಪುಸ್ತಕ ಓದಿದರು, ಲೆಕ್ಕ ಮಾಡಿದರು, ತಪ್ಪಿದರು, ಮತ್ತೆ ಮಾಡಿದರು. ತಂದೆ ಬೇಡವೆಂದಿದ್ದ ಗಣಿತ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬಂತು ಅನ್ನಬಹುದು.

1952ರಲ್ಲಿ ಹಳೆಯ ಸಂಸ್ಥೆಯಲ್ಲೇ ಮತ್ತೆ ಸಂಶೋಧನಾ ಹುದ್ದೆ ಸಿಕ್ಕಿತು. ಆದರೆ ಅಲ್ಲಿ ಮಾಡಬೇಕಾಗಿದ್ದದ್ದು ಲೋಹಗಳ ಗುಣದ ಬಗ್ಗೆ ಕೆಲಸ. ವಿಶ್ವದ ಚಿಂತೆಯನ್ನು ಆ ಕೆಲಸದ ನಡುವೆ ಹೊತ್ತು ಮಾಡಿಕೊಂಡೇ ಮಾಡಬೇಕಾಗಿತ್ತು. ಆ ದಿನಗಳಲ್ಲೇ ಅವರು ಆ ಸಮೀಕರಣವನ್ನು ಬರೆದರು.

ಏನು ಆ ಪ್ರಶ್ನೆ? ನನಗೆ ತಿಳಿದಷ್ಟು ಹೇಳುತ್ತೇನೆ. ವಿಶ್ವ ಹಿಗ್ಗುತ್ತಿದೆ, ಗೆಲಾಕ್ಸಿಗಳು ಒಂದರಿಂದ ಒಂದು ದೂರವಾಗುತ್ತಿವೆ ಅಂತ 1929ರ ಹೊತ್ತಿಗೆ ಹಬಲ್ ಮುಂತಾದವರ ಕೆಲಸದಿಂದ ಗೊತ್ತಾಗಿತ್ತು. ಅದಕ್ಕೂ ಮೊದಲೇ, 1922ರಲ್ಲಿ, ರಷ್ಯಾದ ಫ್ರೀಡ್‌ಮನ್ ಐನ್‌ಸ್ಟೈನರ ಸಿದ್ಧಾಂತದಿಂದಲೇ ಹಿಗ್ಗುವ ವಿಶ್ವದ ಲೆಕ್ಕ ಹಾಕಿದ್ದರು. ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಸೇರಿ ಸಾಂದ್ರತೆ ಅನಂತ ಆಗಿಬಿಡುತ್ತದೆ. ಲೆಕ್ಕವೇ ಮುರಿದುಬೀಳುವ ಜಾಗ ಅದು. ಫ್ರೀಡ್‌ಮನ್ ವಿಶ್ವ ಎಲ್ಲ ಕಡೆಯೂ ಒಂದೇ ಸಮ ಇದೆ ಅಂತ ಇಟ್ಟುಕೊಂಡಿದ್ದರು. ಎಲ್ಲ ಕಣಗಳೂ ಒಂದೇ ಗುರಿಗೆ ಸರಿಯಾಗಿ ಬಂದರೆ ಡಿಕ್ಕಿ ಹೊಡೆಯದೆ ಇನ್ನೇನು? ನಿಜವಾದ ವಿಶ್ವ ಅಷ್ಟು ನುಣುಪಾಗಿಲ್ಲ, ಏರುಪೇರು ಇದೆ, ಹಾಗಾಗಿ ಆ ಅನಂತ ಬರುವುದಿಲ್ಲ ಅಂತ ಹಲವರು ಸಮಾಧಾನ ಮಾಡಿಕೊಂಡಿದ್ದರು.

ಆ ಸಮಾಧಾನ ಸರಿಯೇ ಅಂತ ರಾಯಚೌಧುರಿ ಪರೀಕ್ಷೆ ಮಾಡಿದರು. ಆಕಾಶದಲ್ಲಿ ಒಂದು ಹಿಡಿ ಧೂಳು ಬಿಟ್ಟಿದೆ ಅಂತ ತಿಳಿಯಿರಿ. ಪ್ರತಿ ಕಣವೂ ಗುರುತ್ವಕ್ಕೆ ಮಾತ್ರ ಒಳಗಾಗಿ ತನ್ನ ಪಾಡಿಗೆ ಹೋಗುತ್ತಿದೆ. ಆ ಹಿಡಿಯ ಗಾತ್ರ ಹಿಗ್ಗುವ ವೇಗ ಹೇಗೆ ಬದಲಾಗುತ್ತದೆ? ಅವರು ಅದಕ್ಕೆ ಒಂದು ಖಾತೆ ತೆರೆದರು, ನನ್ನ ಕಣ್ಣಿಗೆ ಅದು ಖಾತೆಯೇ. ಒಳಗಿರುವ ವಸ್ತುವಿನ ತೂಕ ಮತ್ತು ಒತ್ತಡ ಹಿಗ್ಗುವಿಕೆಯನ್ನು ಕಡಿಮೆ ಮಾಡುತ್ತವೆ, ಅದು ಖರ್ಚು. ಗುಂಡಗಿದ್ದ ಹಿಡಿ ಮೊಟ್ಟೆಯ ಹಾಗೆ ಎಳೆದುಕೊಂಡರೆ ಆ ವಿಕಾರವೂ ಖರ್ಚಿನ ಕಡೆಗೇ. ಜಮಾ ಕಡೆಗೆ ಬರುವುದು ಆ ಧೂಳು ಬುಗುರಿಯ ಹಾಗೆ ತಿರುಗುತ್ತಿದ್ದರೆ ಮಾತ್ರ. ತಿರುಗುವಿಕೆ ಕಣಗಳನ್ನು ಹೊರಕ್ಕೆ ಹಿಡಿಯುತ್ತದೆ. ಅಂದರೆ ಏರುಪೇರು ಇದ್ದರೆ ಅನಂತ ತಪ್ಪುತ್ತದೆ ಅನ್ನುವುದು ಸುಳ್ಳು. ತಿರುಗುವಿಕೆ ಇಲ್ಲದಿದ್ದರೆ ಏರುಪೇರಿನಿಂದ ಕುಸಿತ ಇನ್ನೂ ಬೇಗ ಆಗುತ್ತದೆ. ಇದೇ ರಾಯಚೌಧುರಿ ಸಮೀಕರಣದ ತಿರುಳು. ಇಲ್ಲಿ ವಿಶ್ವ ನುಣುಪಾಗಿದೆ ಅಂತ ಊಹೆ ಬೇಕಾಗಿಲ್ಲ. ಅದೇ ಅದರ ಶಕ್ತಿ.

ಪ್ರಬಂಧ ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಗೆ ಹೋಯಿತು. ಒಂದು ವರ್ಷಕ್ಕೂ ಮೀರಿ ಕಾಯಬೇಕಾಯಿತು. 1955ರಲ್ಲಿ ಅಚ್ಚಾದಾಗ ಅದು ಇದ್ದದ್ದು ನಾಲ್ಕೇ ಪುಟ. ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ ಹೆಕ್‌ಮನ್ ಮತ್ತು ಶೂಕಿಂಗ್ ಎಂಬ ವಿದ್ವಾಂಸರು ಅದರ ಬೆಲೆ ಬೇಗನೆ ಗುರುತಿಸಿದರು. ಊರಿನಲ್ಲಿ ಮಾತ್ರ ಅವರು ಎಂದಿನ ಹಾಗೆ ಕೆಲಸಕ್ಕೆ ಹೋಗಿ ಬರುವ ಒಬ್ಬ ಸಾಧಾರಣ ಸಂಶೋಧಕರು. 1950ರ ದಶಕದ ಕೊನೆಗೆ ಡಾಕ್ಟರೇಟಿಗೆ ಪ್ರಬಂಧ ಒಪ್ಪಿಸಿದಾಗ ಪರೀಕ್ಷಕರಲ್ಲಿ ಒಬ್ಬರಾಗಿದ್ದ ಅಮೆರಿಕದ ಜಾನ್ ವೀಲರ್ ಬಹಳ ಮೆಚ್ಚಿಕೊಂಡರು. ಹೊರಗಿನವರು ಮೆಚ್ಚಿದ ಮೇಲೆ ಒಳಗಿನವರು ತಿರುಗಿ ನೋಡುವುದು ನಮ್ಮಲ್ಲಿ ಹಳೆಯ ಪದ್ಧತಿ.

1961ರಲ್ಲಿ ಅವರು ತಾವು ಓದಿದ ಪ್ರೆಸಿಡೆನ್ಸಿ ಕಾಲೇಜಿಗೇ ಪ್ರಾಧ್ಯಾಪಕರಾಗಿ ಬಂದರು. 1986ರವರೆಗೆ, ಇಪ್ಪತ್ತೈದು ವರ್ಷ, ಅಲ್ಲಿ ಪಾಠ ಹೇಳಿದರು. ತಂದೆ ಯಾವ ಮಾಸ್ತರಿಕೆಯ ಪಾಡು ಮಗನಿಗೆ ಬೇಡ ಅಂದಿದ್ದರೋ ಅದೇ ಮಾಸ್ತರಿಕೆಯಿಂದ ಮಗ ಕಲ್ಕತ್ತೆಯ ವಿದ್ಯಾರ್ಥಿಗಳಲ್ಲಿ ದೊಡ್ಡ ಹೆಸರಾದರು. ತಂತು ಸಿದ್ಧಾಂತಕ್ಕೆ ಲೋಕಪ್ರಸಿದ್ಧರಾದ ಅಶೋಕ್ ಸೇನ್ ಅವರ ಶಿಷ್ಯರೇ. ವಿಶ್ವವಿಜ್ಞಾನ, ವಿದ್ಯುತ್ ಮತ್ತು ಕಾಂತತ್ವ, ಯಂತ್ರಶಾಸ್ತ್ರ ಇವುಗಳ ಮೇಲೆ ವಿದ್ಯಾರ್ಥಿಗಳಿಗೆ ಪುಸ್ತಕ ಬರೆದರು. ಬಂಗಾಳಿಯಲ್ಲೂ ಬರೆದರು. ಇದು ನನಗೆ ಬಹಳ ಹಿಡಿಸಿತು. ವಿಶ್ವದ ಆದಿಯ ಬಗ್ಗೆ ಲೆಕ್ಕ ಹಾಕಿದ ಮನುಷ್ಯನಿಗೆ ತನ್ನ ಮನೆಮಾತಿನಲ್ಲಿ ಬರೆಯುವುದು ಕಡಿಮೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಸಮೀಕರಣ ತನ್ನ ದಾರಿ ಹಿಡಿದಿತ್ತು. 1965ರಲ್ಲಿ ಇಂಗ್ಲೆಂಡಿನ ರೋಜರ್ ಪೆನ್‌ರೋಸ್, ಕುಸಿಯುವ ನಕ್ಷತ್ರದೊಳಗೆ ಲೆಕ್ಕ ಮುರಿಯುವ ಜಾಗ ಬಂದೇ ಬರುತ್ತದೆ ಅಂತ ಸಾಧಿಸಿದಾಗ ಇದೇ ತರ್ಕ ಬೆಳಕಿನ ಕಿರಣಗಳಿಗೆ ಅನ್ವಯವಾಗಿ ಅಲ್ಲಿತ್ತು. ಸ್ಟೀಫನ್ ಹಾಕಿಂಗ್ ಅದನ್ನು ಇಡೀ ವಿಶ್ವದ ಆರಂಭಕ್ಕೆ ಹಚ್ಚಿದರು. 2020ರಲ್ಲಿ ಪೆನ್‌ರೋಸರಿಗೆ ನೊಬೆಲ್ ಬಂತು. ಕಲ್ಕತ್ತೆಯ ಮಾಸ್ತರರಿಗೆ 1991ರಲ್ಲಿ ವೈನು ಬಪ್ಪು ಸ್ಮಾರಕ ಪ್ರಶಸ್ತಿ ಸಿಕ್ಕಿತು, ಅಷ್ಟೊತ್ತಿಗೆ ಅವರು ನಿವೃತ್ತರಾಗಿ ಐದು ವರ್ಷವಾಗಿತ್ತು.

ಈಗ ಕಥೆಯ ವಿಚಿತ್ರ ಭಾಗ. ಎಸೆದ ಕಲ್ಲು ಮೇಲೆ ಹೋಗುತ್ತ ಹೋಗುತ್ತ ನಿಧಾನ ಆಗುತ್ತದೆ. ವಿಶ್ವವೂ ಹಿಗ್ಗುತ್ತ ನಿಧಾನ ಆಗಬೇಕು ಅಂತಲೇ ಎಲ್ಲರ ಎಣಿಕೆ. ಖಾತೆಯಲ್ಲಿ ಖರ್ಚಿನ ಕಡೆಯೇ ಭಾರ ತಾನೆ? ಎಷ್ಟು ನಿಧಾನವಾಗುತ್ತಿದೆ ಅಂತ ಅಳೆಯಲು ಎರಡು ತಂಡಗಳು ಹೊರಟವು. ಒಂದಕ್ಕೆ ಸಾಲ್ ಪರ್ಲ್‌ಮಟರ್ ಮುಖ್ಯಸ್ಥರು. ಇನ್ನೊಂದರಲ್ಲಿ ಬ್ರಯಾನ್ ಶ್ಮಿಟ್ ಮತ್ತು ಆಡಂ ರೀಸ್. ಬಿಳಿಕುಬ್ಜ ನಕ್ಷತ್ರಗಳು ಸಿಡಿಯುವಾಗ ಬರುವ ಬೆಳಕು ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು, ಹಾಗಾಗಿ ಮಂಕಾಗಿ ಕಂಡಷ್ಟೂ ದೂರ ಅಂತ ತಿಳಿಯಬಹುದು. 1998ರಲ್ಲಿ ಎರಡೂ ತಂಡಗಳಿಗೆ ಒಂದೇ ಉತ್ತರ ಬಂತು. ದೂರದ ಆ ಸಿಡಿನಕ್ಷತ್ರಗಳು ಎಣಿಸಿದ್ದಕ್ಕಿಂತ ಸುಮಾರು ಶೇಕಡಾ 10ರಿಂದ 15ರಷ್ಟು ಹೆಚ್ಚು ದೂರದಲ್ಲಿದ್ದವು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಸುಮಾರು 500-600 ಕೋಟಿ ವರ್ಷಗಳಿಂದ ಅದು ಹಿಗ್ಗುವ ವೇಗ ಹೆಚ್ಚುತ್ತಲೇ ಇದೆ. ಎಸೆದ ಕಲ್ಲು ಮೇಲಕ್ಕೆ ಹೋಗುತ್ತ ಇನ್ನೂ ಜೋರಾದ ಹಾಗೆ! ಮೂವರಿಗೂ 2011ರಲ್ಲಿ ನೊಬೆಲ್ ಬಂತು.

ನಮ್ಮ ಅಕೌಂಟೆನ್ಸಿ ಓದಿದವರಿಗೆ ಇದು ಅರ್ಥವಾಗುವ ಸಂಕಟ. ತಾಳೆಪಟ್ಟಿ ತಾಳೆಯಾಗದಿದ್ದರೆ ನಾವೇನು ಮಾಡುತ್ತೇವೆ? ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ತಪ್ಪು ಸಿಕ್ಕಿದ ಮೇಲೆ ಸರಿಪಡಿಸುತ್ತೇವೆ. ವಿಜ್ಞಾನಿಗಳೂ ಹಾಗೇ ಒಂದು ಖಾತೆ ತೆರೆದು ಅದಕ್ಕೆ ಕಪ್ಪು ಶಕ್ತಿ ಅಂತ ಹೆಸರಿಟ್ಟಿದ್ದಾರೆ ಅಂತ ನನಗನ್ನಿಸುತ್ತದೆ. ಸಣ್ಣ ಮೊತ್ತವಲ್ಲ, ವಿಶ್ವದ ಒಟ್ಟು ಲೆಕ್ಕದಲ್ಲಿ ಸುಮಾರು ಶೇಕಡಾ 70. ನಾವು ನೀವು, ಮಣ್ಣು, ನಕ್ಷತ್ರ ಎಲ್ಲ ಸೇರಿ ಶೇಕಡಾ 5ರಷ್ಟು ಮಾತ್ರ.

ಆ ಖಾತೆಯೊಳಗೆ ನಿಜವಾಗಿ ಏನಿದೆ ಅನ್ನುವುದಕ್ಕೆ ನಾಲ್ಕು ಬಗೆಯ ವಾದಗಳಿವೆ. ಮೊದಲನೆಯದು ಖಾಲಿ ಜಾಗಕ್ಕೇ ಒಂದು ಶಕ್ತಿ ಇದೆ ಅನ್ನುವುದು. ಐನ್‌ಸ್ಟೈನ್ 1917ರಲ್ಲಿ ವಿಶ್ವವನ್ನು ನಿಶ್ಚಲವಾಗಿ ನಿಲ್ಲಿಸಲು ಒಂದು ಸ್ಥಿರಾಂಕ ಸೇರಿಸಿದ್ದರು, ವಿಶ್ವ ಹಿಗ್ಗುವುದು ಗೊತ್ತಾದ ಮೇಲೆ ಬಿಟ್ಟುಕೊಟ್ಟರು. ಅದೇ ಈಗ ಮರಳಿ ಬಂದಿದೆ. ಇಲ್ಲಿ ರಾಯಚೌಧುರಿಯವರ ಖಾತೆ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಖರ್ಚಿನ ಕಡೆ ಬರುವುದು ಸಾಂದ್ರತೆ ಮತ್ತು ಒತ್ತಡದ ಮೂರು ಪಟ್ಟು. ಪಂಪಿನೊಳಗಿನ ಗಾಳಿ ಹಿಗ್ಗಿದರೆ ಅದರ ಶಕ್ತಿ ಖರ್ಚಾಗುತ್ತದೆ, ಅದರ ಒತ್ತಡ ಧನ. ಖಾಲಿ ಜಾಗ ಹಿಗ್ಗಿದರೆ ಪ್ರತಿ ಅಡಿಗೂ ಅದೇ ಶಕ್ತಿ ಇರುವುದರಿಂದ ಒಟ್ಟು ಶಕ್ತಿ ಹೆಚ್ಚುತ್ತದೆ, ಆದ್ದರಿಂದ ಅದರ ಒತ್ತಡ ಋಣ. ಸಾಂದ್ರತೆ 1 ಅಂದರೆ ಒತ್ತಡ -1. ಕೂಡಿಸಿ ನೋಡಿ: 1ರಿಂದ 3 ಕಳೆದರೆ -2. ಖರ್ಚಿನ ಕಡೆಯ ಋಣ ಅಂದರೆ ಜಮಾ! ವಿಶ್ವದ ವೇಗ ಹೆಚ್ಚುತ್ತದೆ. ಈ ಲೆಕ್ಕವನ್ನು ನಾನೇ ಹಾಕಿ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಆದರೆ ತೊಡಕು ಒಂದಿದೆ. ಖಾಲಿ ಜಾಗದ ಶಕ್ತಿ ಎಷ್ಟಿರಬೇಕು ಅಂತ ಕ್ವಾಂಟಂ ಸಿದ್ಧಾಂತದಿಂದ ನೇರವಾಗಿ ಅಂದಾಜು ಮಾಡಿದರೆ ಬರುವ ಮೊತ್ತ, ಅಳತೆಯಲ್ಲಿ ಕಂಡದ್ದಕ್ಕಿಂತ ಹೆಚ್ಚುಕಡಿಮೆ 1ರ ಮುಂದೆ 120 ಸೊನ್ನೆ ಹಾಕಿದಷ್ಟು ಪಟ್ಟು ಹೆಚ್ಚು. ಇಂಥ ಅಂದಾಜುಪಟ್ಟಿ ಕೊಟ್ಟರೆ ನಮ್ಮ ಮೇಷ್ಟ್ರು ಪುಸ್ತಕವನ್ನೇ ಕಿಟಕಿಯಿಂದ ಎಸೆದಾರು.

ಎರಡನೆಯ ವಾದ, ಅದು ಸ್ಥಿರವಾದದ್ದಲ್ಲ, ಕಾಲಕ್ಕೆ ತಕ್ಕ ಹಾಗೆ ನಿಧಾನವಾಗಿ ಬದಲಾಗುವ ಒಂದು ಕ್ಷೇತ್ರ ಅನ್ನುತ್ತದೆ. ಅಮೆರಿಕದ ಅರಿಜೋನಾದ ದೂರದರ್ಶಕದಲ್ಲಿರುವ ಡೆಸಿ ಎಂಬ ಉಪಕರಣದಿಂದ ಲಕ್ಷಾಂತರ ಗೆಲಾಕ್ಸಿಗಳನ್ನು ಅಳೆದು 2024 ಮತ್ತು 2025ರಲ್ಲಿ ಕೊಟ್ಟ ಫಲಿತಾಂಶದಲ್ಲಿ, ಕಪ್ಪು ಶಕ್ತಿ ಕಾಲಕ್ರಮದಲ್ಲಿ ಸೊರಗುತ್ತಿರಬಹುದು ಅನ್ನುವ ಸುಳಿವು ಇದೆ. ಸುಳಿವು ಅಷ್ಟೇ, ತೀರ್ಪಲ್ಲ. ಮೂರನೆಯ ವಾದ, ಖಾತೆಯಲ್ಲಿ ತಪ್ಪಿಲ್ಲ, ಲೆಕ್ಕ ಬರೆಯುವ ನಿಯಮವೇ ತಪ್ಪು ಅನ್ನುತ್ತದೆ. ಬಹಳ ದೂರದಲ್ಲಿ ಗುರುತ್ವವು ಐನ್‌ಸ್ಟೈನ್ ಹೇಳಿದ ಹಾಗೆ ನಡೆಯುವುದಿಲ್ಲವಂತೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಸುದ್ದಿ ನಮಗೆ ತಲುಪಿತು. ಸುಮಾರು 13 ಕೋಟಿ ವರ್ಷ ಪ್ರಯಾಣ ಮಾಡಿದ ಗುರುತ್ವದ ಅಲೆಯೂ ಬೆಳಕೂ ಎರಡು ಸೆಕೆಂಡಿನ ಅಂತರದೊಳಗೆ ಬಂದವು. ಎರಡರ ವೇಗವೂ ಬೇರೆ ಅನ್ನುತ್ತಿದ್ದ ಈ ಬಗೆಯ ಹಲವು ಸಿದ್ಧಾಂತಗಳು ಅಂದೇ ಬಿದ್ದುಹೋದವು. ನಾಲ್ಕನೆಯದು, ವಿಶ್ವದ ಏರುಪೇರನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ್ದರಿಂದ ವೇಗ ಹೆಚ್ಚಿದ ಹಾಗೆ ಕಾಣುತ್ತಿದೆ ಅನ್ನುತ್ತದೆ. ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಆದರೆ ನೋಡಿ, ಏರುಪೇರಿನ ಪ್ರಶ್ನೆಗೇ ರಾಯಚೌಧುರಿ 1953ರ ಹೊತ್ತಿಗೆ ಕೈಹಾಕಿದ್ದರು. ಈ ವಾದದವರೂ ಅವರ ಸಮೀಕರಣದ ಸರಾಸರಿ ತೆಗೆದೇ ವಾದಿಸುತ್ತಾರೆ.

ನಾಲ್ಕು ವಾದಗಳಲ್ಲಿ ಯಾವುದು ಗೆದ್ದರೂ ಖಾತೆಯ ಪುಟ ಮಾತ್ರ ಕಲ್ಕತ್ತೆಯ ಮಾಸ್ತರರದ್ದೇ. ಗುರುತ್ವ ಯಾವಾಗಲೂ ಸೆಳೆಯುತ್ತದೆ ಅನ್ನುವುದಕ್ಕೆ ಸಾಧನವಾಗಿದ್ದ ಸಮೀಕರಣವೇ, ಯಾವ ಷರತ್ತು ಮುರಿದರೆ ಅದು ತಳ್ಳುತ್ತದೆ ಅಂತಲೂ ತೋರಿಸಿಕೊಡುತ್ತದೆ.

1998ರ ಸುದ್ದಿ ಬಂದಾಗ ಅವರಿಗೆ ಎಪ್ಪತ್ತೈದರ ಹತ್ತಿರ ವಯಸ್ಸು. ನಿವೃತ್ತರಾದ ಮೇಲೂ ಅವರು ಲೆಕ್ಕ ಬಿಟ್ಟಿರಲಿಲ್ಲ, ಕೊನೆಯ ವರ್ಷಗಳವರೆಗೂ ಸಂಶೋಧನಾ ಪ್ರಬಂಧ ಬರೆಯುತ್ತಲೇ ಇದ್ದರು. 2005ರ ಜೂನ್ 18ರಂದು ಕಲ್ಕತ್ತೆಯಲ್ಲೇ ತೀರಿಕೊಂಡರು. ಆಗ ಅವರಿಗೆ 81 ವರ್ಷ.

ಹೊರಡುವ ಹಿಂದಿನ ದಿನ ನಾನೊಬ್ಬನೇ ಕಾಲೇಜ್ ಸ್ಟ್ರೀಟಿಗೆ ಹೋದೆ. ಪ್ರೆಸಿಡೆನ್ಸಿ 2010ರಿಂದ ವಿಶ್ವವಿದ್ಯಾಲಯವಾಗಿದೆ. ಗೇಟಿನಾಚೆ ಈಚೆ ಹಳೇ ಪುಸ್ತಕದ ಅಂಗಡಿಗಳು, ಅದರೆದುರಿಗೇ ಹುಡುಗ ಓದಿದ ಹಿಂದೂ ಸ್ಕೂಲು. ಒಂದು ಅಂಗಡಿಯಲ್ಲಿ ಬಂಗಾಳಿಯ ವಿಜ್ಞಾನ ಪುಸ್ತಕಗಳನ್ನು ಎದೆಮಟ್ಟ ಜೋಡಿಸಿದ್ದರು. ಅಕ್ಷರ ಬರುವುದಿಲ್ಲ, ಚಿತ್ರ ಮಾತ್ರ ನೋಡಿದೆ. ಒಂದು ಚಿತ್ರದಲ್ಲಿ ಬಾಣದ ಗುರುತು ಹಾಕಿ ಏನೋ ಬರೆದಿತ್ತು. ವೇಗೋತ್ಕರ್ಷ ಅಂತ ಇರಬೇಕು ಅಂದುಕೊಂಡೆ. ಆ ಪದ ಬಾಯಿಗೆ ಬಂದು ಬಹಳ ದಿನವಾಗಿತ್ತು.

ಊರಿಗೆ ಬಂದ ಮೇಲೆ ಅಪ್ಪ ಕೇಳಿದರು, ತಮ್ಮನಿಗೆ ಹೇಳಿದೆಯಾ ಅಂತ. ಹೇಳಲಿಲ್ಲ ಅಂದೆ. ಹೇಳುವುದಿಲ್ಲ ಅಂತಲೂ ಅಂದೆ. ಅಪ್ಪನ ಎದುರು ಹೀಗೆ ಮಾತಾಡಿದ್ದು ಇದೇ ಮೊದಲು. ಸುರೇಶಚಂದ್ರ ಮಾಸ್ತರರ ಕಥೆಯನ್ನೂ ನಾಲ್ಕು ವರ್ಷ ವ್ಯರ್ಥವಾದದ್ದನ್ನೂ ವಿವರವಾಗಿ ಹೇಳಿದೆ. ಅವರು ಅಂಗಡಿಯ ಕಡತ ಮುಚ್ಚಿ ಎಲ್ಲ ಕೇಳಿದರು. ಎಲ್ಲರೂ ರಾಯಚೌಧುರಿ ಆಗುತ್ತಾರೇನೋ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆಗದೆಯೂ ಇರಬಹುದು, ತಮ್ಮನೂ ನನ್ನ ಹಾಗೆ ಫೇಲಾಗಬಹುದು. ಆದರೆ ನಾನು ಫೇಲಾಗುವಾಗ ಜೊತೆಗೆ ಕೂತು ಹೇಳಿಕೊಡುವವರು ಯಾರೂ ಇರಲಿಲ್ಲ, ಅವನಿಗೆ ನಾನಿದ್ದೇನೆ.

ಅಟ್ಟದ ಮೇಲೆ ಎಸೆದಿದ್ದ ನನ್ನ ಫಿಸಿಕ್ಸ್ ಪುಸ್ತಕ ಇಳಿಸಿ ಧೂಳು ಹೊಡೆದೆ. ಪ್ರತಿ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದುಕೊಂಡಿದ್ದೆ, ಮೊದಲ ಮೂರು ಅಧ್ಯಾಯದವರೆಗೆ. ಆಮೇಲೆ ಬಿಟ್ಟುಬಿಟ್ಟಿದ್ದೆ. ಈಗ ದಿನಾ ರಾತ್ರಿ ನಾನೂ ತಮ್ಮನೂ ಕೂತು ನಾಲ್ಕನೆಯ ಅಧ್ಯಾಯದಿಂದ ಬರೆಯುತ್ತಿದ್ದೇವೆ. ಅಪ್ಪ ಏನೂ ಅನ್ನುವುದಿಲ್ಲ. ಮಲಗುವಾಗ ನಮಗಾಗಿ ಲೈಟು ಉಳಿಸಿ ಹೋಗುತ್ತಾರೆ.